ಬರ ಬರದ ಕೆರೆ

"ಏನಮ್ಮಾ ಕೆಸರು ಮೇಡಂ, ನಿಮ್ಮ ಕೆರೆಗೆ ಮಾತ್ರ ಬರಗಾಲ ರಜೆ ಕೊಟ್ಟಿತ್ತೋ?"

ಫೋನಿನಲ್ಲಿ ನಿರ್ದೇಶಕರ ಮೂಗುದನಿ. ಅವಳು ಧಡಕ್ಕನೆ ಎದ್ದು ನಿಂತಳು. ಆ ಕಡೆಯಿಂದ ಕಿಸಕ್ಕೆಂದ ನಗು ಕೇಳಿದ ಮೇಲೆ, "ಥೂ, ನೀನಾ!" ಎಂದು ಕೂತಳು.

ಐದು ವರ್ಷ ಇದೇ ಪ್ರಯೋಗಾಲಯದಲ್ಲಿ ಎದುರು ಕೂತು, ಎಲ್ಲರ ದನಿ ಅನುಕರಿಸಿ ನಗಿಸಿದವನು ಹೋದ ವರ್ಷ ಇನ್ನೊಂದು ಕೆರೆಯ ಪಕ್ಕದ ಊರಿಗೆ ವರ್ಗವಾಗಿದ್ದ. ಹೊರಡುವ ದಿನ ಇಬ್ಬರೂ ಹೇಳಬೇಕಾದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡಿದ್ದರು.

ಎರಡೂ ಕೆರೆಗಳ ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರು. ಇಬ್ಬರೂ ಅದರಲ್ಲಿ ಹುಡುಕುತ್ತಿದ್ದದ್ದು ನಾಲ್ಕು ಸಾವಿರ ವರ್ಷದ ಹಿಂದಿನ ಅದೇ ಒಂದು ಬರ. ಅವನ ಕೆಸರಿನಲ್ಲಿ ಉಪ್ಪಿನ ಬಿಳಿ ಪಟ್ಟಿ ಎದ್ದು ಕಾಣುತ್ತಿತ್ತು, ಕೆರೆ ಪೂರಾ ಬತ್ತಿದ ಗುರುತು. ಇವಳದರಲ್ಲಿ ಕಪ್ಪು ಬಿಟ್ಟರೆ ಕಪ್ಪು, ಬತ್ತಿದ ಗುರುತೇ ಇಲ್ಲ.

"ಬರ ಬಂತಾ, ಇಲ್ವಾ?"

"ಬರ್ಲಿಲ್ಲ."

"ಬರ ಬರ್ಲಿಲ್ಲ ಅಂದ್ರೆ ನಾನು ಬರಬೇಕಾಗುತ್ತೆ. ನಿನ್ನ ಕೆಸರಲ್ಲಿ ಅನುಮಾನ ಇದ್ರೆ ಇಬ್ಬರೂ ಕೂತು ಮೊದಲಿಂದ ನೋಡಿ ಅಂದಿದಾರೆ ನಿರ್ದೇಶಕರು. ಮೂರು ತಿಂಗಳು! ಏನಾದ್ರೂ ಎಡವಟ್ಟು ಮಾಡಿದೀಯ ತಾನೆ? ಮಾಡಿದೀನಿ ಅನ್ನೇ."

ಅವಳು ಸೂಕ್ಷ್ಮದರ್ಶಕದತ್ತ ನೋಡಿದಳು. ಬರದ ವರ್ಷಗಳ ಕೆಸರಿನಲ್ಲಿ ಎಳ್ಳಿಗಿಂತ ಸಣ್ಣ ಚಿಪ್ಪುಗಳಿದ್ದವು. ನೆಲದೊಳಗಿಂದ ಜಿನುಗುವ ತಣ್ಣೀರಿನಲ್ಲಿ ಮಾತ್ರ ಬದುಕುವ ಜೀವಿಗಳ ಚಿಪ್ಪು. ಮೇಲಿನಿಂದ ಹನಿ ಬೀಳದ ಕಾಲದಲ್ಲೂ ಈ ಕೆರೆಗೆ ಕೆಳಗಿನಿಂದ ನೀರು ಬರುತ್ತಲೇ ಇತ್ತು. ಎಡವಟ್ಟೇನೂ ಆಗಿರಲಿಲ್ಲ. ಬೆಳಿಗ್ಗೆಯಿಂದ ಮೂರು ಸಲ ಪರೀಕ್ಷಿಸಿದ್ದಳು, ಮೂರು ಸಲವೂ ಚಿಪ್ಪು ಕಾಣದಿರಲಿ ಎಂದುಕೊಂಡೇ.

"ವರದೀಲಿ 'ನೀರಿನ ಕೊರತೆ ಬಗ್ಗೆ ಅನುಮಾನ' ಅಂತ ಒಂದು ಸಾಲು ಬರಿ, ಸಾಕು. ಇವತ್ತೇ ರೈಲು ಹತ್ತಿಬಿಡ್ತೀನಿ."

"ಕೊರತೆ ಅಲ್ಲ ಕಣೋ." ಅವಳು ಸೂಕ್ಷ್ಮದರ್ಶಕದ ದೀಪ ಆರಿಸಿದಳು. "ಅದರಿಂದ ಕಕಾರ ತೆಗಿ."

"ಒರತೆ?"

"ಚಿಪ್ಪು ಸಿಕ್ಕಿದೆ. ತುಂಬಾ ಇದೆ."

ಅವನು ಯಾರ ದನಿಯನ್ನೂ ಅನುಕರಿಸಲಿಲ್ಲ. "ಒಳ್ಳೇದಾಯ್ತು," ಎಂದ, ಅವಳು ಅಪರೂಪಕ್ಕೆ ಕೇಳಿದ್ದ ಅವನದೇ ದನಿಯಲ್ಲಿ. "ಹಾಗಾದ್ರೆ ನಾನು ಬರೋದು ಬೇಡ."

"ವರದಿಗೆ ಬೇಡ," ಎಂದಳು.

ಫೋನನ್ನು ಕಿವಿ-ಭುಜದ ನಡುವೆ ಹಿಡಿದುಕೊಂಡೇ ಅವಳು ಕೆಸರಿಗೆ ಪ್ಲಾಸ್ಟಿಕ್ ಹೊದಿಸತೊಡಗಿದಳು. ಹೆಬ್ಬೆರಳು ಒತ್ತಿದ ಕಡೆ ಸಣ್ಣ ಕುಳಿ ಬಿತ್ತು. ಅವಳು ನೋಡುತ್ತಿದ್ದಂತೆ ಅದರೊಳಗೆ ಮೆಲ್ಲಗೆ ನೀರು ಬಂದು ನಿಂತಿತು.