ಎಡಕ್ಕೊಮ್ಮೆ, ಬಲಕ್ಕೊಮ್ಮೆ

ದಾಳಿಂಬ ಎಂಬ ಊರಿನ ರೇವಣಪ್ಪನ ಸೊಸೆಯರಿಬ್ಬರೂ ಒಡಹುಟ್ಟಿದವರೇ. ಅಕ್ಕ ಜಯಮಾಲಾಳ ಮಗಳು ಶೀತಲ್, ತಂಗಿ ಮೀನಲಳ ಮಗ ಶುಭಂ. ಲಕ್ಷಕ್ಕೊಬ್ಬರಿಗೂ ಬಾರದ ಸ್ನಾಯುರೋಗ ಇಬ್ಬರು ಮಕ್ಕಳಿಗೂ ಬಂದಿತ್ತು. ಹೊಸ ಔಷಧಿಯ ಪರೀಕ್ಷೆ ನಡೆಸುವ ದೊಡ್ಡಾಸ್ಪತ್ರೆಯವರು ಇಬ್ಬರಿಗೂ ನಂಬರು ಬರೆದ ಬಾಟಲಿ ಕೊಟ್ಟಿದ್ದರು. ಯಾವುದರಲ್ಲಿ ಔಷಧಿ, ಯಾವುದರಲ್ಲಿ ಬರೀ ಸಿಹಿನೀರು ಎಂಬುದು ಡಾಕ್ಟರಿಗೂ ತಿಳಿಯದು.

ನಾಲ್ಕು ತಿಂಗಳಲ್ಲಿ ಶುಭಂ ಪಡಸಾಲೆಯ ಮೆಟ್ಟಿಲನ್ನು ಕೈ ಬಿಟ್ಟು ಹತ್ತತೊಡಗಿದ. ಶೀತಲ್ ಇನ್ನೂ ಗೋಡೆ ಹಿಡಿದೇ ನಿಂತಿದ್ದಳು. ಜಯಮಾಲಾಗೆ ಹೊಟ್ಟೆ ಉರಿಯಿತು. ಏಳು ವರ್ಷದ ಕೂಸನ್ನು, ಸ್ವಂತ ತಂಗಿಯ ಮಗನನ್ನು ಕಂಡು ಕರುಬಿದಳು.

ಮೀನಲ ಉಮರ್ಗಾ ಪೇಟೆಗೆ ಹೋದ ಮಧ್ಯಾಹ್ನ ಜಯಮಾಲಾ ಶುಭಂನ ಬಾಟಲಿ ತೆಗೆದು ಚಮಚಕ್ಕೆ ಸುರಿದಳು. ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಉಮಾಶ್ರೀ ಒಳಗೆ ಬಂದಳು.

"ಅಕ್ಕಾ, ಅದು ಶುಭಂನ ಬಾಟ್ಲಿ ಅಲ್ಲೇನ್ರಿ?"

"ಹೌದು! ಖರೇ ಔಷಧ ಆಕಿ ಮಗಗ, ನೀರು ನನ್ನ ಮಗಳಿಗಿ? ಸಣ್ಣಾಕಿ ಇದ್ದಾಗಿಂದ ಛಲೋದೆಲ್ಲಾ ಮೀನಲಗೇ ಸಿಗತದ."

"ಮೀನಲ ಆರಿಸಿಲ್ರಿ. ಚೀಟಿ ಎತ್ತಿದಂಗ ಕಂಪ್ಯೂಟರ್ ಆರಿಸ್ಯದ. ಶುಗರ್ ಔಷಧ ಆಗಿದ್ರ ಸಾವಿರ ಮಂದಿ ಸಿಗತಿದ್ರು, ಒಬ್ಬರದು ಕೆಟ್ರೂ ನಡೀತಿತ್ತು. ಇಲ್ಲಿ ಹದಿನಾಲ್ಕೇ ಮಕ್ಕಳು."

"ಹದಿನಾಲ್ಕರಾಗ ಏನ್ ತಿಳೀತದ?"

"ನಿಮ್ಮ ಮಾವ ಹೊಸ ಎತ್ತು ತಂದ್ರ ಹೆಂಗ ನೋಡತಾರ?"

"ಒಂದಿನ ನೊಗದ ಎಡಕ್ಕ ಕಟ್ಟತಾರ, ಒಂದಿನ ಬಲಕ್ಕ."

"ಇದೂ ಹಂಗೇರಿ. ಆರು ತಿಂಗಳಾದ ಮ್ಯಾಲ, ಮೊದಲಿನ ಔಷಧದ ಗುಣ ಇಳೀಲಿ ಅಂತ ಸ್ವಲ್ಪ ದಿನ ಏನೂ ಕೊಡಂಗಿಲ್ಲ. ಆಮ್ಯಾಲ ಬಾಟ್ಲಿ ಅದಲಿ ಬದಲಿ. ನೀರು ಕುಡ್ದ ಶೀತಲ್ ಹೆಂಗಿದ್ಳು, ಔಷಧ ಕುಡ್ದ ಶೀತಲ್ ಹೆಂಗದಾಳ ಅಂತ ನೋಡತಾರ. ನೀವು ಈಗ ಕಲಸಿದ್ರ ಔಷಧ ನಡೀತದೋ ಇಲ್ಲೋ ಯಾರಿಗೂ ತಿಳ್ಯಂಗಿಲ್ಲ. ಬ್ಯಾಡಂದ್ರ ಹೇಳಿ ಬಿಟ್ಟುಬಿಡ್ರಿ, ಯಾರೂ ತಡ್ಯಂಗಿಲ್ಲ. ಕದ್ದು ಕುಡಿಸಬ್ಯಾಡ್ರಿ."

ಜಯಮಾಲಾ ಚಮಚ ಕೆಳಗಿಟ್ಟಳು. "ನಿನ್ನೆನೂ ಶೀತಲ್‌ಗ ಇದರಾಗಿಂದ ಒಂದು ಚಮಚ ಕುಡಿಸೀನಿ" ಎಂದು ಅತ್ತಳು. ಉಮಾಶ್ರೀ ಬೈಯಲಿಲ್ಲ. ಅಲ್ಲೇ ಆಸ್ಪತ್ರೆಗೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟಳು.

ಬಾಟಲಿ ಬದಲಾದ ನಾಲ್ಕನೇ ತಿಂಗಳು ಶೀತಲ್ ಕೈ ಬಿಟ್ಟು ಮೂರು ಮೆಟ್ಟಿಲು ಹತ್ತಿದಳು. ಗೋಡೆ ಹಿಡಿದು ಕೆಳಗೆ ನಿಂತವನು ಈಗ ಶುಭಂ. ಜಯಮಾಲಾ ಇಷ್ಟು ದಿನ ಬಯಸಿದ್ದು ಇದನ್ನೇ. ಆದರೆ ಓಡಿಹೋಗಿ ಅವನನ್ನು ಎತ್ತಿಕೊಂಡಳು.

ಅವ್ವಂದಿರೇ, ನಿಮ್ಮ ಮನೆಗೂ ಇಂಥ ಬಾಟಲಿ ಬಂದೀತು. ಯಾರದೋ ಅವರಿಗೇ ಕುಡಿಸಿ. ತಪ್ಪಾದರೆ ಮುಚ್ಚಿಡದೆ ಹೇಳಿ. ರೋಗಿಗಳು ಬೆರಳೆಣಿಕೆಯಷ್ಟಿದ್ದಾಗ ನಿಮ್ಮದೊಂದು ಚಮಚವೂ ಸಣ್ಣದಲ್ಲ.