ಹೊಗಳಿಕೆಯ ಸರದಿ

ನಾಲ್ಕನೆಯವನು ಮಾತಿಗೆ ಎದ್ದಾಗ ಗಡಿಯಾರದಲ್ಲಿ ಐದು ಇಪ್ಪತ್ತಾಗಿತ್ತು. ಆರಕ್ಕೆ ವಿಧಾನಸಭೆಯ ಈ ವರ್ಷದ ಅಧಿವೇಶನ ಮುಗಿಯಲೇಬೇಕು; ರಾಜ್ಯದ ಕಾನೂನೇ ಹಾಗಿದೆ. ಆರು ಹೊಡೆದಾಗ ಮೇಜಿನ ಮೇಲೆ ಉಳಿದ ಮಸೂದೆ ಸತ್ತ ಹಾಗೆ.

ವರ್ಜಿಲ್ ಟ್ಯಾಕೆಟ್ ಕೈಕಟ್ಟಿ ಕೂತಿದ್ದ. ಮೂವತ್ತಾರು ವರ್ಷ ಅದೇ ಕುರ್ಚಿ, ಇವತ್ತು ಕಡೆಯ ದಿನ. ನಿವೃತ್ತನಾಗುವ ಸದಸ್ಯನನ್ನು ಎಲ್ಲರೂ ಎದ್ದೆದ್ದು ಹೊಗಳುವುದು ಆ ಸದನದ ವಾಡಿಕೆ. ಹೊಗಳುವವನ ಬಾಯಿಗೆ ಸಭಾಧ್ಯಕ್ಷನೂ ಅಡ್ಡ ಬರುವಂತಿಲ್ಲ. ನಿಲ್ಲಿಸಬಲ್ಲವನು ಒಬ್ಬನೇ, ಹೊಗಳಿಸಿಕೊಳ್ಳುವವನು.

ಆ ದಿನದ ಕಲಾಪ ಪಟ್ಟಿಯ ಕೊನೆಯಲ್ಲಿದ್ದದ್ದು ಅವನದೇ ಮಸೂದೆ: ತನ್ನ ಗಣಿ ಊರಿನ ಆಸ್ಪತ್ರೆಯ ಹೆರಿಗೆ ವಾರ್ಡು ಮುಚ್ಚಬಾರದೆಂದು. ಮುಚ್ಚಿದರೆ ಬಸುರಿಯರು ಬೆಟ್ಟದ ದಾರಿಯಲ್ಲಿ ಎಪ್ಪತ್ತು ಮೈಲಿ ಹೋಗಬೇಕು. ಮೇಲಿನ ಗ್ಯಾಲರಿಯಲ್ಲಿ ಆ ವಾರ್ಡಿನ ನರ್ಸ್ ಲೊರೀನ್ ಬ್ಲೆವಿನ್ಸ್ ಕೂತಿದ್ದಳು. ಅವನ ಜೊತೆ ಒಂದೇ ಶಾಲೆಯಲ್ಲಿ ಓದಿದವಳು, ಎರಡು ವರ್ಷಕ್ಕೊಮ್ಮೆ ಬಂದ ಹದಿನೆಂಟು ಚುನಾವಣೆಯಲ್ಲೂ ಅವನಿಗಾಗಿ ಮನೆಮನೆಯ ಬಾಗಿಲು ತಟ್ಟಿದವಳು. ಅವಳ ಮೊಮ್ಮಗಳು ಈಗ ಏಳು ತಿಂಗಳ ಬಸುರಿ.

ಆಸ್ಪತ್ರೆ ನಡೆಸುವ ಕಂಪನಿಯ ಕಡೆಯ ಸದಸ್ಯರಿಗೆ ಮಸೂದೆ ಬೇಡವಾಗಿತ್ತು. ಎದುರು ನಿಂತು ಬೇಡವೆಂದರೆ ಕೆಟ್ಟ ಹೆಸರು. ಅದಕ್ಕೇ ಹೊಗಳುತ್ತಾ ಹೊತ್ತು ಕಳೆಯುತ್ತಿದ್ದರು. ಎರಡನೆಯವನ ಮಾತಿಗೇ ವರ್ಜಿಲನಿಗೆ ಇದು ಅರ್ಥವಾಗಿತ್ತು. ಆಗದೆ ಏನು? ಗಣಿಯ ಧೂಳು ಕುಡಿದು ಎದೆ ಕೆಟ್ಟವರ ಪರಿಹಾರದ ಮಸೂದೆಯನ್ನು, ಯಾವನೋ ಮುದುಕನನ್ನು ಎರಡು ಗಂಟೆ ಕೊಂಡಾಡಿ, ಇದೇ ಉಪಾಯದಿಂದ ಹಿಂದೊಮ್ಮೆ ಕೊಂದವನು ವರ್ಜಿಲನೇ.

ಎದ್ದು ಸಾಕು ಅಂದಿದ್ದರೆ ಸಾಕಿತ್ತು. ಮೊಣಕಾಲಿನ ಮೇಲೆ ಕೈಯೂರಿದ. ಅಷ್ಟರಲ್ಲಿ ಐದನೆಯವಳು ಎದ್ದು, ಅವನು ಕಟ್ಟಿಸಿದ ಸೇತುವೆಗೆ ಅವನ ಹೆಸರನ್ನೇ ಇಡಬೇಕೆಂದಳು. ಇಡೀ ಸದನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಊಟದ ಮನೆಯಲ್ಲಿ ಅವನ ಪಕ್ಕ ಕೂರದ ಜನ. ಇದೊಂದು ಮುಗಿಯಲಿ, ಆಮೇಲೆ ಏಳೋಣ ಅಂದುಕೊಂಡ. ಕಣ್ಣು ತುಂಬಿ ಬಂದಿತ್ತು. ಹಾಳಾದ್ದು, ನಿಜವಾಗಿಯೇ ತುಂಬಿ ಬಂದಿತ್ತು.

ಏಳನೆಯವನು ಇನ್ನೂ ಮಾತಾಡುತ್ತಿರುವಾಗ ಸಭಾಧ್ಯಕ್ಷ ಸುತ್ತಿಗೆ ಕುಟ್ಟಿದ. ಆರು.

ಮೊಗಸಾಲೆಯಲ್ಲಿ ಕೇಕು ಕತ್ತರಿಸಿಟ್ಟಿದ್ದರು. ಲೊರೀನ್ ಮೆಟ್ಟಿಲಿಳಿದು ಬಂದಳು. ವರ್ಜಿಲ್, ತನ್ನ ಜಾಗಕ್ಕೆ ಒಳ್ಳೆಯವನು ಬರುತ್ತಾನೆ, ಮಸೂದೆಯನ್ನು ಮುಂದಿನ ವರ್ಷ ಮತ್ತೆ ತರಬಹುದು, ತಾನೇ ಅವನಿಗೆ ಫೋನು ಮಾಡಿ ಹೇಳುತ್ತೇನೆ ಎಂದೆಲ್ಲ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಮಗು ಮುಂದಿನ ವರ್ಷದ ತನಕ ಹೊಟ್ಟೇಲಿ ಕಾಯತ್ತೇನೋ?"

"ನನ್ನ ಕೈಲಿ ಏನಿತ್ತೇ, ಲೊರೀನ್. ಅವರು ಮಾತಾಡ್ತಾನೇ ಇದ್ರು."

"ಅವರು ಮಾತಾಡ್ತಿದ್ರು, ಹೌದು. ನಾನು ನೋಡ್ತಿದ್ದದ್ದು ನಿನ್ನ ಮುಖ ಕಣೋ. ಹೊಟ್ಟೆ ತುಂಬ ಹಾಲು ಕುಡಿದ ಕೂಸುಗಳ ಮುಖ ಹಾಗಿರತ್ತೆ. ಮೂವತ್ತು ವರ್ಷ ನೋಡಿದೀನಿ."

ಯಾರೋ ಅವಳ ಕೈಗೆ ಕೇಕಿನ ತಟ್ಟೆ ಕೊಟ್ಟರು. ಇಡಲು ಜಾಗ ಸಿಗದೆ ಅವಳು ಅದನ್ನು ಹಿಡಿದುಕೊಂಡೇ ಹೊರಗೆ ನಡೆದಳು. ಇನ್ಯಾರೋ ವರ್ಜಿಲನ ಕೈ ಕುಲುಕುತ್ತಿದ್ದರು. ಕಿಟಕಿಯಾಚೆ ಲೊರೀನ್ ತಟ್ಟೆಯನ್ನು ನೆಲಕ್ಕಿಟ್ಟು ತನ್ನ ಹಳೆಯ ಪಿಕಪ್ಪಿನ ಬೀಗ ತೆಗೆಯುತ್ತಿದ್ದಳು. ಗಾಡಿ ಹೊರಟು ಹೋಯಿತು. ದೀಪದ ಕೆಳಗೆ ತಟ್ಟೆ ಅಲ್ಲೇ ಉಳಿದಿತ್ತು; ಕೇಕಿನ ಬಿಳಿ ಕೆನೆಯ ಮೇಲೆ ಸಣ್ಣಗೆ ಹಿಮ ಬೀಳತೊಡಗಿತ್ತು.