ಐದು ನಿಮಿಷದ ಕೋರ್ಟು

ಫ್ರೀಜರ್ ಪೆಟ್ಟಿಗೆಯ ಪ್ಲಗ್ ಕಿತ್ತು ವೈರು ಸುತ್ತುತ್ತಿದ್ದ ಮನೋಹರನ ತೋಳನ್ನು ಮುನಿಶಾಮಮ್ಮ ಗಟ್ಟಿಯಾಗಿ ಹಿಡಿದಳು.

"ಈಗ್ಲೇ ಎತ್ತಬ್ಯಾಡ. ನಿನ್ನತ್ರ ಒಂದು ಮಾತದೆ."

"ದೊಡ್ಡಮ್ಮ, ಹನ್ನೊಂದಾಯ್ತು. ಗುಂಡಿ ತೋಡಾಗಿದೆ, ಎಲ್ಲಾ ಕಾಯ್ತಾವ್ರೆ."

"ಕಾಯ್ಲಿ."

ಪೆಟ್ಟಿಗೆಯೊಳಗೆ ಅವಳ ಗಂಡ ಚಿಕ್ಕಮಾರಯ್ಯ ಮಲಗಿದ್ದ. ಇಪ್ಪತ್ತಾರು ವರ್ಷ ಕೋಗಿಲು ಊರಿನ ಮಕ್ಕಳನ್ನು ತನ್ನ ವ್ಯಾನಿನಲ್ಲಿ ಯಲಹಂಕದ ಶಾಲೆಗೆ ಬಿಟ್ಟು ಬಂದವನು. ಕೊನೆಯ ಒಂದು ವರ್ಷ ಅಪಾರ್ಟ್‌ಮೆಂಟೊಂದರ ವಾಚ್‌ಮನ್. ನಿನ್ನೆ ಬೆಳಿಗ್ಗೆ ಗೇಟಿನ ಕುರ್ಚಿಯಲ್ಲಿ ಕೂತಂತೆಯೇ ಎದೆ ನಿಂತಿತ್ತು. ಕಾರಿನವನೊಬ್ಬ ಮೂರು ಸಲ ಹಾರನ್ ಹೊಡೆದು, ಬೈಯಲು ಇಳಿದು ಬಂದ ಮೇಲೆ ಗೊತ್ತಾದದ್ದು. ಬದುಕಿದ್ದಾಗ ಯಾರ ಹಾರನ್ನಿಗೂ ತಡಮಾಡಿದ ಮನುಷ್ಯನಲ್ಲ.

ಮಕ್ಕಳಿರಲಿಲ್ಲ. ತಮ್ಮನ ಮಗ ಮನೋಹರನೇ ಎಲ್ಲ ಕಾರ್ಯ ಮಾಡಬೇಕು, ಮಾಡುತ್ತಲೂ ಇದ್ದ. ಹೂವಿನಿಂದ ಹಿಡಿದು ತಮಟೆಯವರ ತನಕ ಒಂದಕ್ಕೂ ಕೊರತೆಯಿರಲಿಲ್ಲ. ಮುನಿಶಾಮಮ್ಮನನ್ನು ಕೆರಳಿಸಿದ್ದು ಬೇರೆ. ಒಂದು ಕಾಲಕ್ಕೆ ಮಗಳು ಮೋನಿಷಾಳನ್ನು ಅವನ ವ್ಯಾನಿಗೆ ಹತ್ತಿಸುತ್ತಿದ್ದ ಕಲಾವತಿ ಬೆಳಿಗ್ಗೆ ಬಂದು, ಹಾರ ಹಾಕಿ, ಕೈಮುಗಿದು, ಪಕ್ಕದವಳಿಗೆ ಹೇಳಿದ್ದಳು: "ಒಳ್ಳೇ ಮನುಷ್ಯ ಕಣ್ರೀ. ಕುಡಿತ ಒಂದಿಲ್ದಿದ್ರೆ." ಪಿಸುಮಾತೇ. ಆದರೆ ಸಾವಿನ ಮನೆಯಲ್ಲಿ ಪಿಸುಮಾತು ತಮಟೆಗಿಂತ ಚೆನ್ನಾಗಿ ಕೇಳಿಸುತ್ತದೆ.

"ನಿಮ್ಮ ದೊಡ್ಡಪ್ಪ ಒಂದಿನಾನೂ ಕುಡ್ದೋರಲ್ಲ. ಅದು ನಿಂಗೊತ್ತು," ಎಂದಳು ಮುನಿಶಾಮಮ್ಮ. "ಮಣ್ಣಿಗಿಡೋಕ್ ಮುಂಚೆ ಆ ಮಾತ ನೀನು ಎಲ್ಲಾರ ಮುಂದೆ ಯೋಳ್ಬೇಕು. ನಾನು ಯೋಳಿದ್ರೆ ಗಂಡನ್ನ ವಯಿಸ್ಕೊಂಡು ಬಂದ್ಲು ಅಂತಾರೆ. ಕೇಸು ನೋಡ್ದೋನು ನೀನು. ಇನ್ನೇನೂ ಕೇಳಾಕಿಲ್ಲ ನಿನ್ನ."

ಮನೋಹರ ಫೋನು ನೋಡಿದ, ಪೆಟ್ಟಿಗೆ ನೋಡಿದ.

"ಹೇಳ್ತೀನಿ ದೊಡ್ಡಮ್ಮ."

"ಮುಟ್ಟಿ ಯೋಳು."

ಅವನು ಗಾಜಿನ ಮೇಲೆ ಕೈಯಿಟ್ಟು ಹೇಳಿದ.

* * *

ಚಿಕ್ಕಮಾರಯ್ಯನಿಗೆ ಇದ್ದದ್ದು ಹೊಟ್ಟೆ ಉಬ್ಬರ. ಯಲಹಂಕದ ಆಯುರ್ವೇದ ಅಂಗಡಿಯವನು ಕೊಂಚ ಮದ್ಯದಂಶವಿರುವ ಅರಿಷ್ಟ ಕೊಟ್ಟು, ತಿಂಡಿಯಾದ ಮೇಲೆ ಎರಡು ಮುಚ್ಚಳ ಎಂದಿದ್ದ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಮನೆಯಲ್ಲಿ ಕುಡಿಯಲು ಮರೆತು, ಬಾಟಲಿಯನ್ನು ವ್ಯಾನಿನಲ್ಲಿ ಇಟ್ಟುಕೊಂಡು ಹೊರಟ. ಕೊನೆಯ ಮಗು ಶೂ ಹಾಕಿಕೊಂಡು ಬರುವಷ್ಟರಲ್ಲಿ ಎರಡು ಮುಚ್ಚಳ ಬಾಯಿಗೆ ಹಾಕಿಕೊಂಡ. ಮುಂದಿನ ತಿರುವಿನಲ್ಲೇ ಪೊಲೀಸರು ಶಾಲಾ ವ್ಯಾನುಗಳನ್ನು ನಿಲ್ಲಿಸಿ ಡ್ರೈವರ್‌ಗಳ ಕೈಲಿ ಊದಿಸುತ್ತಿದ್ದರು.

ಅವನು ಕೆನ್ನೆ ಉಬ್ಬಿಸಿ, ಬಲೂನು ಊದುವ ಹಾಗೆ ಊದಿದ. ಹಿಂದೆ ಕೂತ ಹನ್ನೊಂದು ಮಕ್ಕಳೂ ನಕ್ಕವು. ಯಂತ್ರ ಕೀಂಯ್ ಎಂದಿತು.

"ಔಸ್ತಿ ಸ್ವಾಮಿ ಇದು," ಎಂದು ಬಾಟಲಿ ತೋರಿಸಿದ.

"ಎಲ್ರೂ ಔಷಧ ಅಂತಾನೇ ಕುಡಿಯೋದು ಬಿಡಪ್ಪ," ಎಂದರು ಪೊಲೀಸಿನವರು.

ಹಿಂದಿನ ವ್ಯಾನಿನ ಮಜೀದ್ ಇಳಿದು ಓಡಿ ಬಂದ. ಕೆಮ್ಮಿನ ಔಷಧಿಯಿಂದ ಒಮ್ಮೆ ಹೀಗೇ ಸಿಕ್ಕಿಬಿದ್ದು ಪಾರಾದವನು ಅವನು. "ಸರ್, ಬಾಯಿ ಮುಕ್ಕಳಿಸ್ಲಿ. ಕಾಲು ಗಂಟೆ ಬಿಟ್ಟು ಇನ್ನೊಂದ್ಸಲ ಊದ್ಸಿ. ಇಲ್ಲಾಂದ್ರೆ ಆಸ್ಪತ್ರೆಗೆ ಕರ್ಕೊಂಡೋಗಿ ರಕ್ತ ಟೆಸ್ಟ್ ಮಾಡ್ಸಿ."

ಚಿಕ್ಕಮಾರಯ್ಯನೇ ಅವನನ್ನು ತಡೆದ. "ಬ್ಯಾಡ ಮಜೀದ. ಇವತ್ತು ಇವಕ್ಕೆ ಪರೀಕ್ಷೆ, ಬೆಲ್ ಆಗೋಯ್ತದೆ. ಮೊದಲು ಕರ್ಕೊಂಡೋಗಿ ಬಿಟ್ಬಾ." ಹನ್ನೊಂದು ಮಕ್ಕಳನ್ನು ತನ್ನ ವ್ಯಾನಿನಲ್ಲಿ ತುರುಕಿಕೊಂಡು ಮಜೀದ್ ಹೋಗಿ ಬರುವಷ್ಟರಲ್ಲಿ ಬರೆಯುವುದೆಲ್ಲ ಬರೆದಾಗಿತ್ತು, ಕೆಳಗೆ ಚಿಕ್ಕಮಾರಯ್ಯನ ಸಹಿಯೂ ಬಿದ್ದಿತ್ತು.

ಮನೋಹರ ವಕೀಲನಲ್ಲ. ಕೋರ್ಟಿನ ಅಂಗಳದಲ್ಲಿ ಕುಡಿದು ಓಡಿಸಿದವರ ಕೇಸುಗಳನ್ನು ವಕೀಲರಿಗೆ ಮುಟ್ಟಿಸಿ ಮುಗಿಸಿಕೊಡುವವನು. ಸುತ್ತಮುತ್ತ ಅವನಿಗೆ ಒಳ್ಳೆಯ ಹೆಸರು. ಕೇಸು ಕೋರ್ಟಿಗೆ ಬಂದ ದಿನ ದೊಡ್ಡಪ್ಪನಲ್ಲದೆ ಇನ್ನೂ ಏಳು ಜನ ಅವನಿಗಾಗಿ ಕಾಯುತ್ತಿದ್ದರು.

"ಔಸ್ತಿ ಚೀಟಿ ಅದೆ ಕಣಪ್ಪ," ಎಂದು ಚಿಕ್ಕಮಾರಯ್ಯ ಜೇಬಿನಿಂದ ತೆಗೆದ. "ಅಂಗಡಿಯೋನು ಬಂದು ಸಾಕ್ಷಿ ಯೋಳ್ತೀನಿ ಅಂದವ್ನೆ."

"ದೊಡ್ಡಪ್ಪ, ಕೇಸ್ ನಡೆಸ್ತೀನಿ ಅಂದ್ರೆ ವರ್ಷಗಟ್ಲೆ ಅಲೀಬೇಕು. ಅಲ್ಲೀವರೆಗೂ ವ್ಯಾನು ಸ್ಟೇಷನ್ ಮುಂದೆ ತುಕ್ಕು ಹಿಡೀತದೆ. ಒಪ್ಕೊಂಡ್ಬಿಡಿ, ಐದು ನಿಮಿಷ. ಎಲ್ರೂ ಹಂಗೇ ಮಾಡೋದು."

ಕೇಸು ನಡೆಯುತ್ತಿರುವಾಗಲೇ ಅರ್ಜಿ ಹಾಕಿ ವ್ಯಾನು ಬಿಡಿಸಿಕೊಳ್ಳಬಹುದಿತ್ತು. ಮನೋಹರನಿಗೆ ಅದು ಗೊತ್ತಿತ್ತು. ಹೇಳಲಿಲ್ಲ. ಮೋಸವೇನಲ್ಲ, ಅಭ್ಯಾಸ.

ಕುಡಿದು ಓಡಿಸಿದ್ದು ನಿಜವೇ ಎಂದು ನ್ಯಾಯಾಧೀಶರು ಕೇಳಿದರು. ಚಿಕ್ಕಮಾರಯ್ಯ ಮನೋಹರನ ಕಡೆ ನೋಡಿದ. ಮನೋಹರ ತಲೆಯಾಡಿಸಿದ.

"ನಿಜ ಸ್ವಾಮಿ."

ಹತ್ತು ಸಾವಿರ ದಂಡ, ಆರು ತಿಂಗಳು ಲೈಸೆನ್ಸ್ ಅಮಾನತು. ಐದು ನಿಮಿಷವೂ ಆಗಲಿಲ್ಲ. ಆರು ತಿಂಗಳಿಗೆ ಲೈಸೆನ್ಸ್ ವಾಪಸ್ಸು ಬಂತು, ಮಕ್ಕಳು ಬರಲಿಲ್ಲ. ಅವನು ಕಂಡ ಕಂಡ ಶಾಲೆಯ ಮೆಟ್ಟಿಲು ಹತ್ತಿದ. ಎಲ್ಲರೂ ಕೂರಿಸಿ, ಕಾಫಿ ಕೊಟ್ಟು, ನೀವೇ ಒಪ್ಪಿಕೊಂಡಿದ್ದೀರಲ್ಲ ಎಂದು ಮರ್ಯಾದೆಯಿಂದಲೇ ಕಳಿಸಿದರು. ಕೊನೆಗೆ ವ್ಯಾನು ಮಾರಿದ. ಮನೋಹರನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

* * *

ಸ್ಮಶಾನದ ಕಾಂಪೌಂಡಿನಾಚೆ ಹದಿನಾಲ್ಕು ಮಹಡಿಯ ಕಟ್ಟಡ ಎದ್ದಿದೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ತಮಟೆ ಕೇಳಿ ಬಾಗಿಲು ಹಾಕಿಕೊಂಡಳು. ಗುಂಡಿಯ ಪಕ್ಕ ಚಟ್ಟ ಇಳಿಸಿದರು. ಒಂದು ಕೊನೆಗೆ ಹೆಗಲು ಕೊಟ್ಟಿದ್ದ ಮಜೀದ್ ಬೆವರು ಒರೆಸಿಕೊಂಡ. ಖಾಕಿ ಅಂಗಿಯ ಡ್ರೈವರ್‌ಗಳೇ ಇಪ್ಪತ್ತು ಮೂವತ್ತು ಜನ ಬಂದಿದ್ದರು.

ಮುನಿಶಾಮಮ್ಮ ಮನೋಹರನನ್ನೇ ನೋಡುತ್ತಿದ್ದಳು.

"ಎಲ್ರೂ ಒಂದ್ನಿಮಿಷ," ಎಂದ ಮನೋಹರ. ತಮಟೆ ನಿಂತಿತು. ಅವನು ಸುತ್ತ ಕಣ್ಣಾಡಿಸಿದ. ಎದುರಿಗೆ ನಿಂತವರಲ್ಲಿ ಏಳೆಂಟು ಮಂದಿ, ಇವನು ಒಪ್ಕೊಳ್ಳಿ ಎಂದಾಗ ಒಪ್ಪಿಕೊಂಡು ಬಂದವರು. ಮುಂದಿನ ಸಾಲಿನಲ್ಲೇ ಡ್ರೈವರ್ ವಾಜಿದ್ ಇದ್ದ, ಹೋದ ತಿಂಗಳಷ್ಟೇ ಕೇಸು ಮುಗಿಸಿಕೊಂಡವನು.

"ನಮ್ ದೊಡ್ಡಪ್ಪ..." ಎಂದ. ಮುಂದಿನ ಸಾಲಿನಿಂದ ಕಣ್ಣು ತೆಗೆದ. "ನಮ್ ದೊಡ್ಡಪ್ಪ ಬಹಳ ಒಳ್ಳೇ ಮನುಷ್ಯ. ಎಲ್ರೂ ಬಂದಿದ್ದೀರ. ತುಂಬಾ ಉಪಕಾರ."

"ಅಷ್ಟೇನಾ?" ಎಂದ ಮಜೀದ್.

ಮನೋಹರ ಚಟ್ಟದ ಹಗ್ಗ ಬಿಚ್ಚಲು ಬಗ್ಗಿದ.

"ಅವ್ರು ಕುಡೀತಿರ್ಲಿಲ್ಲ ಕಣ್ರಪ್ಪ," ಎಂದು ಮಜೀದನೇ ಹೇಳಿದ. "ನಾನು ಅಲ್ಲೇ ಇದ್ದೆ. ಅದು ಔಷಧಿ. ಇವನಿಗೂ ಗೊತ್ತು, ಕೇಳಿ."

ಯಾರೂ ಕೇಳಲಿಲ್ಲ. ಸತ್ತವನ ಚಿಕ್ಕಪ್ಪ ಪಿಳ್ಳಪ್ಪ, ಎಂಬತ್ತು ದಾಟಿದ ಮುದುಕ, ಕೋಲೂರಿಕೊಂಡು ಬಂದು ಮಜೀದನ ಬೆನ್ನು ಸವರಿದ.

"ಇರ್ಲಿ ಬಿಡು ಮಜೀದಣ್ಣ. ಜಡ್ಜಿ ಮುಂದೆ ಅವನೇ ಒಪ್ಕೊಂಡವ್ನೆ. ಈಗ್ಯಾಕೆ ಮುಚ್ಚಾಕೋದು? ಗಂಡ್ಸು ಅಂದ್ಮ್ಯಾಲೆ ಕುಡೀತಾನೆ. ನಮ್ಮುಡುಗ ಅವ್ನು, ನಾವೇನು ತಳ್ಳಾಕ್ತೀವಾ?"

ಹೌದು ಹೌದು ಎಂದರು ನಾಲ್ಕಾರು ಜನ, ನಿಜವಾದ ಪ್ರೀತಿಯಿಂದಲೇ. ಪಿಳ್ಳಪ್ಪ ಪಂಚೆಯ ಮಡಿಲಿನಿಂದ ಬ್ರಾಂದಿಯ ಕ್ವಾರ್ಟರ್ ತೆಗೆದು ಮನೋಹರನ ಮುಂದೆ ಹಿಡಿದ. ಸತ್ತವರಿಗೆ ಇಷ್ಟವಾದದ್ದನ್ನು ಕೊನೆಯದಾಗಿ ಬಾಯಿಗೆ ಬಿಟ್ಟು ಕಳಿಸುವುದು ಆ ಊರಿನ ಪದ್ಧತಿ. ಆಸೆ ಇಟ್ಟುಕೊಂಡು ಹೋಗಬಾರದು ಎಂದು.

"ನೀನೇ ಬಿಡಪ್ಪ. ಮಗನ ಸ್ಥಾನದಲ್ಲಿ ಇದ್ದೀಯ."

"ಬ್ಯಾಡ ಮಾವ," ಎಂದಳು ಮುನಿಶಾಮಮ್ಮ. "ಮನೋಹರ, ಬ್ಯಾಡ ಕಣೋ."

ಹೆಂಗಸರು ಅವಳನ್ನು ತಬ್ಬಿ ಹಿಡಿದುಕೊಂಡರು. ದುಃಖದಲ್ಲಿ ಬಾಯಿಗೆ ಏನೇನೋ ಬರುತ್ತದೆ ಎಂದುಕೊಂಡರು. ಮನೋಹರ ಬಾಟಲಿ ಕೈಗೆ ತೆಗೆದುಕೊಂಡ. ದೊಡ್ಡಮ್ಮನ ಕಡೆ ನೋಡದೆ ಮುಚ್ಚಳ ತಿರುಗಿಸಿ ದೊಡ್ಡಪ್ಪನ ಬಾಯಿಗೆ ಬಿಟ್ಟ.

ಮುಚ್ಚಿದ ತುಟಿ ತೆರೆಯಲಿಲ್ಲ. ಬ್ರಾಂದಿ ಬಾಯಿಯ ಕೊನೆಯಿಂದ ಗಲ್ಲಕ್ಕೆ, ಗಲ್ಲದಿಂದ ಹೊಸ ಬಿಳಿ ಬಟ್ಟೆಗೆ ಇಳಿಯಿತು. ಮುನಿಶಾಮಮ್ಮ ಹಿಡಿದವರನ್ನು ಬಿಡಿಸಿಕೊಂಡು ಬಂದು ಮಂಡಿಯೂರಿದಳು. ಸೆರಗಿನಿಂದ ಅವನ ತುಟಿ ಒರೆಸಿದಳು, ಗಲ್ಲ ಒರೆಸಿದಳು, ಮತ್ತೆ ತುಟಿ ಒರೆಸಿದಳು. ಮುಖದ ಹತ್ತಿರ ಬಗ್ಗಿ ಮೂಸಿದಳು.

ಮೂವತ್ತೈದು ವರ್ಷದ ಸಂಸಾರದಲ್ಲಿ ಮೊದಲ ಸಲ ಅವಳ ಗಂಡನ ಬಾಯಿಂದ ಬ್ರಾಂದಿಯ ವಾಸನೆ ಬರುತ್ತಿತ್ತು.